ಡಬ್ಲ್ಯುಡಿಎಂ-2
ಅಮೆರಿಕದ ಆಲ್ಕೊ ಕಂಪನಿ ವಿನ್ಯಾಸಗೊಳಿಸಿದ ಬ್ರಾಡ್‌ಗೇಜ್ ಡೀಸೆಲ್ ಎಂಜಿನ್, ರೈಲುಪ್ರಿಯರ ಅಚ್ಚುಮೆಚ್ಚು. ಭಾರತಕ್ಕೆ ಬಂದದ್ದು 1962ರಲ್ಲಿ. 1964ರಿಂದ ವಾರಾಣಸಿಯಲ್ಲೇ ತಯಾರಾಯಿತು. 16 ಸಿಲಿಂಡರ್, 2,600 ಅಶ್ವಶಕ್ತಿ. ಚಾಲಕ ನಾಚ್ (ಶಕ್ತಿ ನಿಯಂತ್ರಕದ ಹಂತ) ಏರಿಸಿದೊಡನೆ ಡೀಸೆಲ್ ನುಗ್ಗುತ್ತದೆ, ಟರ್ಬೊಚಾರ್ಜರ್ ಮಾತ್ರ ನಿಧಾನವಾಗಿ ವೇಗ ಹಿಡಿಯುತ್ತದೆ. ಆ ಹೊತ್ತಿನ ಗಾಳಿಯ ಕೊರತೆಯಿಂದಲೇ ಕಪ್ಪು ಹೊಗೆ ಉಗುಳುವುದು. ಅಭಿಮಾನಿಗಳು ಮೆಚ್ಚಿದ್ದು ಈ ದೋಷವನ್ನೇ!

1871ರಲ್ಲಿ ಪೂರ್ಣಗೊಂಡ ಮುಂಬೈ–ಚೆನ್ನೈ ಮಾರ್ಗದ ಯಾದಗಿರಿಯಲ್ಲಿ, ವಿದ್ಯುದೀಕರಣಕ್ಕೆ ಮುನ್ನ, ಗುತ್ತಿಯ ಡೀಸೆಲ್ ಎಂಜಿನ್ ಶೆಡ್ಡಿನ ಆಲ್ಕೊಗಳು ಗಾಡಿ ಎಳೆಯುತ್ತಿದ್ದವು. ಹುಬ್ಬಳ್ಳಿ ಶೆಡ್ಡಿಗೆ ಹೆಸರು ತಂದ 4,000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್ ಇವುಗಳಿಗಿಂತ ಬಲದಲ್ಲಿ ಮೇಲು, ಸದ್ದಿನಲ್ಲಿ ಸಪ್ಪೆ.