ಸರ್ವರ್ ಇಲ್ವಂತೆ

ಹೋದ ವರ್ಷ ಮುಂಗಾರಿಗೆ ಮುಂಚೆ ಅಪ್ಪ ಫೋನ್ ಮಾಡಿದ್ದರು. ತೋಟದ ಮೇಲಿನ ಬೆಳೆಸಾಲ ನವೀಕರಿಸಬೇಕು, ಬ್ಯಾಂಕಿನವರು ಹೊಸ ಪಹಣಿ ಕೇಳಿದ್ದಾರೆ, ಎರಡೇ ದಿನ ಬಾಕಿ. "ಬೆಳಿಗ್ಗೆಯಿಂದ ನಿಂತಿದೀನಿ. ಸರ್ವರ್ ಇಲ್ವಂತೆ ಕಣಪ್ಪ. ನೀನು ಅದೇ ಕೆಲಸ ಅಲ್ವಾ ಮಾಡೋದು? ಸ್ವಲ್ಪ ನೋಡು."

ನಾನು ಬೆಂಗಳೂರಿನಲ್ಲಿ ಸಿಸ್ಟಮ್ ಅಡ್ಮಿನ್. ಊರು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ ಹೋಬಳಿ. ಸರ್ವರುಗಳೆಲ್ಲ ಒಂದೇ ಕೋಣೆಯಲ್ಲಿರುತ್ತವೆ, ಅದರ ಬೀಗದ ಕೈ ನನ್ನ ಜೇಬಲ್ಲಿದೆ ಅಂತ ಅಪ್ಪನ ನಂಬಿಕೆ. ನಕ್ಕು ಫೋನ್ ಇಟ್ಟೆ. ಆಮೇಲೆ ಅನ್ನಿಸಿತು: ಅಪ್ಪನ ಪಹಣಿ ಈಗ ನಿಜಕ್ಕೂ ಎಲ್ಲಿದೆ? ಅಲ್ಲಿಗೆ ಹೇಗೆ ಹೋಯಿತು?

ತಾತನ ಕಾಲಕ್ಕೆ ಅದು ಶ್ಯಾನುಭೋಗರ ಮನೆಯಲ್ಲಿತ್ತು. 1961ರ ಕಾಯ್ದೆ ಆ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿದ ಮೇಲೆ ಗ್ರಾಮಲೆಕ್ಕಿಗರ ಕೈಗೆ ಬಂತು. ರಾಜ್ಯದಲ್ಲಿ ಸುಮಾರು 9,000 ಲೆಕ್ಕಿಗರು, ಒಬ್ಬೊಬ್ಬರ ಹತ್ತಿರ ಮೂರ್ನಾಲ್ಕು ಹಳ್ಳಿಗಳ ಪುಸ್ತಕ. ನಮ್ಮ ಭಾಷೆಯಲ್ಲಿ ಹೇಳೋದಾದರೆ 9,000 ನೋಡ್‌ಗಳು, ಒಂದಕ್ಕೂ ಬ್ಯಾಕಪ್ ಇಲ್ಲ, ಪ್ರತಿಯೊಂದಕ್ಕೂ ಒಬ್ಬನೇ ಅಡ್ಮಿನ್, ರೂಟ್ ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತು. ತನ್ನ ಹೊಲದ ಪುಟದಲ್ಲಿ ಏನು ಬರೆದಿದೆ ಅಂತ ನೋಡೋಕೂ ರೈತ ಅವನ ದಾರಿ ಕಾಯಬೇಕಿತ್ತು. ಕಾಯೋದು ಪುಕ್ಕಟೆ ಆಗಿರಲಿಲ್ಲ ಅನ್ನೋದನ್ನು ಬಿಡಿಸಿ ಹೇಳಬೇಕಿಲ್ಲ.

ಭೂದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಕೇಂದ್ರ ಸರ್ಕಾರದ ಯೋಜನೆ 1988-89ರಲ್ಲೇ ಶುರುವಾಯಿತು. ಕರ್ನಾಟಕದಲ್ಲಿ ಮೊದಲ ಪ್ರಯೋಗ ನಡೆದದ್ದು 1991ರಲ್ಲಿ, ಗುಲ್ಬರ್ಗದಲ್ಲಿ. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ಸಿಕ್ಕಿತ್ತು. ಆದರೆ ಕೆಲಸ ನಡೆಯಲಿಲ್ಲ. ಕಾರಣ ನನ್ನಂಥವನಿಗೆ ತಕ್ಷಣ ಅರ್ಥವಾಗುತ್ತೆ. ಕಂಪ್ಯೂಟರ್ ಇಡಲು ದುಡ್ಡು ಬಂದದ್ದು ಜಿಲ್ಲಾ ಕೇಂದ್ರಕ್ಕೆ. ಖಾತೆ ಬದಲಾಗುತ್ತಿದ್ದದ್ದು ತಾಲ್ಲೂಕಿನಲ್ಲಿ, ಕೈಬರಹದ ಪುಸ್ತಕದಲ್ಲಿ. ಚಿತ್ರದುರ್ಗದಲ್ಲಿ ಕೂತು ಹೊಸದುರ್ಗದ ಪುಸ್ತಕವನ್ನು ಟೈಪ್ ಮಾಡಿ ಮುಗಿಸೋದರೊಳಗೆ ಆ ಪುಸ್ತಕದಲ್ಲಿ ಅಣ್ಣತಮ್ಮಂದಿರು ಭಾಗ ಮಾಡಿಕೊಂಡು ಆಗಿರುತ್ತೆ. ಸಿಂಕ್ ಇಲ್ಲದ ರೆಪ್ಲಿಕಾ. ಹುಟ್ಟುವಾಗಲೇ ಹಳಸಿದ ಡೇಟಾ.

ಇಲ್ಲಿ ಸ್ವಲ್ಪ ನಮ್ಮ ಕಸುಬಿನ ವಿಷಯ. ಕ್ಲಸ್ಟರ್ ಅಂದರೆ ಎರಡು ಸರ್ವರ್, ನಡುವೆ ಹಂಚಿಕೊಂಡ ಒಂದೇ ಸ್ಟೋರೇಜ್. ಒಂದು ಬಿದ್ದರೆ ಇನ್ನೊಂದು ಎದ್ದು ಕೆಲಸ ವಹಿಸಿಕೊಳ್ಳಬೇಕು. ಬದುಕಿದ್ದೀನಿ ಅಂತ ಒಂದಕ್ಕೊಂದು ಹೇಳಿಕೊಳ್ಳಲು ಹಾರ್ಟ್‌ಬೀಟ್ ಅನ್ನೋ ಸಂಪರ್ಕ. ಅದು ತಪ್ಪಿಹೋದರೆ? ಎರಡೂ ಜೀವಂತವಾಗಿದ್ದು, ಎರಡೂ "ಅವನು ಸತ್ತ, ಇನ್ನು ನಾನೇ ಯಜಮಾನ" ಅಂದುಕೊಂಡು ಒಂದೇ ಡಿಸ್ಕಿನ ಮೇಲೆ ಬರೆಯೋಕೆ ಶುರು ಮಾಡುತ್ತವೆ. ಇದಕ್ಕೆ ಸ್ಪ್ಲಿಟ್ ಬ್ರೈನ್ ಅಂತಾರೆ. ನನ್ನ ಮೊದಲ ಕೆಲಸದಲ್ಲಿ ಒಂದು ರಾತ್ರಿ ಹೀಗಾಗಿತ್ತು, ಒಂದು ಸಡಿಲ ಕೇಬಲ್ಲಿನಿಂದ. ಬೆಳಗಾಗುವಷ್ಟರಲ್ಲಿ ಡೇಟಾಬೇಸ್ ಚಿಂದಿಯಾಗಿತ್ತು, ಟೇಪಿನಿಂದ ವಾಪಸ್ ತರೋಕೆ ಮೂರು ದಿನ ಹಿಡಿಯಿತು. ಇದಕ್ಕಿರುವ ಮದ್ದು ಕ್ರೂರ: ಅನುಮಾನ ಬಂದ ಕೂಡಲೇ ಒಂದು ನೋಡ್ ಇನ್ನೊಂದರ ಪವರ್ ತೆಗೆಯಬೇಕು. ಲಿನಕ್ಸ್ ಮಂದಿ ಇದಕ್ಕೆ ಇಟ್ಟ ಹೆಸರು ಸ್ಟೊನಿತ್. ಬಿಡಿಸಿ ಹೇಳಿದರೆ, ಪಕ್ಕದ ನೋಡ್‌ನ ತಲೆಗೆ ಗುಂಡಿಡು ಅಂತ.

'ಭೂಮಿ' ಯೋಜನೆ ಮಾಡಿದ್ದು ಇದನ್ನೇ. ಕಂದಾಯ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಮುಂದೆ ನಿಂತು ನಡೆಸಿದ, ಎನ್‌ಐಸಿ ತಂತ್ರಾಂಶ ಬರೆದ ಈ ಯೋಜನೆಯನ್ನು ಹೊಗಳುವವರು ಎರಡು ಕೋಟಿ ಪಹಣಿ, 67 ಲಕ್ಷ ರೈತರು ಅಂತ ಲೆಕ್ಕ ಕೊಡುತ್ತಾರೆ. ನನಗೆ ದೊಡ್ಡದಾಗಿ ಕಾಣೋದು ಒಂದು ಸರ್ಕಾರಿ ಆದೇಶ: ತಾಲ್ಲೂಕಿನಲ್ಲಿ ಕಂಪ್ಯೂಟರ್ ಪಹಣಿ ಶುರುವಾದ ಮೇಲೆ ಕೈಬರಹದ ಪಹಣಿಗೆ ಬೆಲೆ ಇಲ್ಲ. ಎರಡು ಯಜಮಾನರಲ್ಲಿ ಒಬ್ಬನ ಪವರ್ ತೆಗೆದರು. ಸರ್ವರನ್ನು ಜಿಲ್ಲೆಯಲ್ಲಲ್ಲ, ಖಾತೆ ಬದಲಾಗುವ ತಾಲ್ಲೂಕು ಕಚೇರಿಯಲ್ಲೇ ಇಟ್ಟರು. ಪಾಸ್‌ವರ್ಡ್ ಹಂಚಿಕೊಳ್ಳೋಕೆ ಆಗದ ಹಾಗೆ ಲಾಗಿನ್‌ಗೆ ಬೆರಳಚ್ಚು. ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕು. 2002ರ ಹೊತ್ತಿಗೆ 177 ತಾಲ್ಲೂಕುಗಳಲ್ಲೂ ಇದು ನಡೆಯುತ್ತಿತ್ತು.

ಆಗ ನಾನು ಹೈಸ್ಕೂಲು. ಅಪ್ಪನ ಜೊತೆ ಹೊಳಲ್ಕೆರೆಗೆ ಬಸ್ಸಿನಲ್ಲಿ ಹೋಗಿದ್ದೆ. ಕೌಂಟರಿನ ಮೇಲೆ ಎರಡು ಪರದೆ, ಒಂದು ನಮ್ಮ ಕಡೆಗೆ ತಿರುಗಿತ್ತು. ಅದರ ಮೇಲೆ ತಾತನ ಹೆಸರು ಕನ್ನಡದಲ್ಲಿ ಬಂದಾಗ ಅಪ್ಪ ಮುಂದಕ್ಕೆ ಬಗ್ಗಿ ಎರಡು ಸಲ ಓದಿದರು. ಹದಿನೈದು ರೂಪಾಯಿ ಕೊಟ್ಟೆವು, ಪ್ರಿಂಟ್ ಬಂತು. ನಾನು ಈ ಕಸುಬಿಗೆ ಬಂದದ್ದಕ್ಕೆ ಅದೇ ಕಾರಣ ಅಂದರೆ ಸಿನಿಮಾ ಡೈಲಾಗ್ ಆಗುತ್ತೆ. ಆದರೆ ಆ ಪರದೆ ಮರೆತಿಲ್ಲ.

(ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ದಾಖಲೆ ಹೀಗೆ ಒಂದು ಕಡೆ ಸೇರಿದರೆ ದೂರದಲ್ಲಿ ಕೂತ ದೊಡ್ಡ ಕುಳಗಳಿಗೆ ಜಮೀನು ಹುಡುಕೋದು ಸಲೀಸಾಗುತ್ತೆ ಅಂತ 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬರೆದರು. ಬೆಂಗಳೂರಿನ ಸುತ್ತಮುತ್ತ ಕಂಡವರಿಗೆ ಅದು ತೀರಾ ಸುಳ್ಳು ಅನ್ನಿಸಲಾರದು.)

ತಾಲ್ಲೂಕಿಗೊಂದು ಸರ್ವರ್ ಅನ್ನೋದರ ಕಷ್ಟ, ಅದನ್ನು ನೋಡಿಕೊಳ್ಳೋದು. ಕರೆಂಟ್ ಹೋಗುತ್ತೆ, ಯುಪಿಎಸ್ ಬ್ಯಾಟರಿ ಸಾಯುತ್ತೆ, ಡಿಸ್ಕ್ ಕೈಕೊಡುತ್ತೆ. 2006ರ ಸುಮಾರಿಗೆ ನೆಮ್ಮದಿ ಕೇಂದ್ರಗಳು, 2012ರಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಹೋಬಳಿ ಮಟ್ಟಕ್ಕೆ ಬಂದವು. ಬಿ.ದುರ್ಗದವನು ಪ್ರಮಾಣಪತ್ರಕ್ಕೆ ಹೊಳಲ್ಕೆರೆಗೆ ಹೋಗೋದು ಕಮ್ಮಿಯಾಯಿತು. ಹಳ್ಳಿಗೆ ಹತ್ತಿರವಾದದ್ದು ಕೌಂಟರ್. ಡೇಟಾ ಮಾತ್ರ ಉಲ್ಟಾ ದಿಕ್ಕಿನಲ್ಲಿ, ಬೆಂಗಳೂರಿನ ರಾಜ್ಯ ಡೇಟಾ ಸೆಂಟರಿನ ಕಡೆಗೆ ನಡೆಯಿತು.

ಅಷ್ಟರಲ್ಲಿ ವರ್ಚುವಲೈಸೇಶನ್ ಬಲಿತಿತ್ತು. ಐಡಿಯಾ ಹಳೆಯದೇ, ಐಬಿಎಂ 1972ರಲ್ಲೇ ವಿಎಂ/370 ತಂದಿತ್ತು. 1998ರಲ್ಲಿ ಹುಟ್ಟಿದ ವಿಎಂವೇರ್ ಅದನ್ನು ಮಾಮೂಲಿ ಇಂಟೆಲ್ ಮೆಶಿನ್ನುಗಳಿಗೆ ತಂದಿತು. ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ ಇಪ್ಪತ್ತು ಸರ್ವರ್. ಪೆಟ್ಟಿಗೆ ಸತ್ತರೆ ಅವು ಪಕ್ಕದ ಪೆಟ್ಟಿಗೆಯಲ್ಲಿ ಎದ್ದು ಕೂರುತ್ತವೆ, ಯಾಕಂದರೆ ಡೇಟಾ ಇರೋದು ಹೊರಗಿನ ಸ್ಟೋರೇಜಿನಲ್ಲಿ. ಎಷ್ಟು ತಾಲ್ಲೂಕು ಸರ್ವರುಗಳನ್ನು ಒಂದೆರಡು ರ್‍ಯಾಕಿನಲ್ಲಿ ಹಿಡಿಸಬಹುದು ಅಂತ ನೀವೇ ಊಹಿಸಿ. ನಾನಾಗಿದ್ದರೂ ಇದನ್ನೇ ಮಾಡುತ್ತಿದ್ದೆ.

ಆದರೆ ಲೆಕ್ಕದ ಇನ್ನೊಂದು ಬದಿ ಇದೆ. ಮೊದಲು ಹೊಳಲ್ಕೆರೆಯ ಡಿಸ್ಕ್ ಹೋದರೆ ಹೊಳಲ್ಕೆರೆ ಒಂದೇ ನಿಲ್ಲುತ್ತಿತ್ತು. ಈಗ ಕೇಂದ್ರದಲ್ಲಿ ಕೆಮ್ಮಿದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕೂ ಕಡೆ ಅದೇ ನಿಮಿಷದಲ್ಲಿ ಕ್ಯೂ ನಿಲ್ಲುತ್ತೆ. ಎಷ್ಟೋ ಸಲ ಬಿದ್ದಿರೋದು ಸರ್ವರ್ ಅಲ್ಲವೇ ಅಲ್ಲ. ಹಾದಿಯಲ್ಲೆಲ್ಲೋ ಕಡಿದ ಫೈಬರ್, ಅವಧಿ ಮುಗಿದ ಸರ್ಟಿಫಿಕೇಟ್, ಕೊನೇ ದಿನದ ನೂಕುನುಗ್ಗಲು. 2025ರ ಶುರುವಿನಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ಮೇಲೆ ಸುಳ್ಳು ವಿನಂತಿಗಳ ಸುರಿಮಳೆ ಸುರಿಸಿ ದಾಳಿ ಮಾಡಿದಾಗ ರಾಜ್ಯದುದ್ದಕ್ಕೂ ನೋಂದಣಿ ತತ್ತರಿಸಿತು. ಕೌಂಟರಿನಲ್ಲಿ ಕೂತವನಿಗೆ ಈ ಯಾವ ವ್ಯತ್ಯಾಸವೂ ಕಾಣಿಸಲ್ಲ, ಪಾಪ. ಅವನ ಹತ್ತಿರ ಇರೋದು ಎರಡೇ ಪದ. ಸರ್ವರ್ ಇಲ್ಲ.

ಮರುದಿನ ಮಧ್ಯಾಹ್ನ ಅಪ್ಪ ವಾಟ್ಸಾಪಿನಲ್ಲಿ ಪಹಣಿಯ ಫೋಟೊ ಕಳಿಸಿದರು. "ಸರ್ವರ್ ಬಂತು. ಥ್ಯಾಂಕ್ಸ್" ಅಂತ ಕೆಳಗೆ. ನಾನೇನೂ ಮಾಡಿಲ್ಲ ಅಂತ ಹೇಳಲಿಲ್ಲ. ಫೋಟೊ ದೊಡ್ಡದು ಮಾಡಿ ನೋಡಿದೆ. 9ನೇ ಕಾಲಂನಲ್ಲಿ ಅಪ್ಪನ ಹೆಸರು ಸರಿಯಾಗಿತ್ತು. 11ನೇ ಕಾಲಂನಲ್ಲಿ, ಎಷ್ಟೋ ವರ್ಷದ ಹಿಂದೆ ತೀರಿಸಿದ ಒಂದು ಸಾಲ ಇನ್ನೂ ಹಾಗೇ ಕೂತಿತ್ತು. ಫೋನ್ ಮಾಡಿ ಹೇಳಿದೆ.

"ಅದು ಪುಸ್ತಕದಲ್ಲೂ ಹಂಗೇ ಇತ್ತಲ್ಲಪ್ಪ" ಅಂದರು ಅಪ್ಪ. ಟ್ರಂಕಿನಿಂದ ಸಾಲ ತೀರಿದ ಪತ್ರ ಹುಡುಕಿ ತೆಗೆದುಕೊಂಡು ಸೋಮವಾರ ಮತ್ತೆ ಹೊಳಲ್ಕೆರೆ ಬಸ್ ಹತ್ತಿದರು.