ಒಂಬತ್ತನೆಯ ಜಾಗ ನೀರಿಗೆ

ಸಂಯುಕ್ತವೊಂದರಲ್ಲಿ ಲೋಹದ ಅಯಾನಿಗೆ ನೇರವಾಗಿ ಅಂಟಿಕೊಂಡಿರುವ ಪರಮಾಣುಗಳೆಷ್ಟು? ಈ ಎಣಿಕೆಯೇ ಸಮನ್ವಯ ಸಂಖ್ಯೆ. 1893ರಲ್ಲಿ ಈ ಕಲ್ಪನೆಗೆ ತಳಹದಿ ಹಾಕಿದವರು ಆಲ್ಫ್ರೆಡ್ ವರ್ನರ್. ಕೋಬಾಲ್ಟ್, ಪ್ಲಾಟಿನಂ ಸಂಯುಕ್ತಗಳಲ್ಲಿ ಅವರು ಕಂಡದ್ದು ಆರು ಅಥವಾ ನಾಲ್ಕು. 1913ರ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು.

ಲ್ಯಾಂಥನಮ್‌ನಿಂದ ಲುಟೀಷಿಯಂವರೆಗಿನ 15 ಲ್ಯಾಂಥನೈಡ್ ಧಾತುಗಳಿಗೂ ಸಂಖ್ಯೆ ಆರೇ ಇರಬೇಕೆಂಬ ಊಹೆ ಬಹುಕಾಲ ಉಳಿದಿತ್ತು. ಆದರೆ ಹರಳುಗಳು ಬೇರೆಯದೇ ಲೆಕ್ಕ ಹೇಳಿದವು. ಹರಳಿನ ಮೂಲಕ ಹಾಯ್ದ ಕ್ಷ-ಕಿರಣ ಚೆದರುವ ರೀತಿಯಿಂದ ಪರಮಾಣುಗಳ ನೆಲೆ ತಿಳಿಯುತ್ತದೆ. 1939ರಲ್ಲಿ ಲಿಂಡ್ಸೆ ಹೆಲ್ಮ್‌ಹೋಲ್ಜ್ ನಿಯೋಡೈಮಿಯಂ ಬ್ರೋಮೇಟ್ ಹರಳನ್ನು ಹೀಗೆ ಪರೀಕ್ಷಿಸಿದಾಗ ಲೋಹದ ಸುತ್ತ ಒಂಬತ್ತು ನೀರಿನ ಅಣುಗಳಿದ್ದವು! ಅಯಾನು ದೊಡ್ಡದಾದ್ದರಿಂದ ಅಷ್ಟಕ್ಕೂ ಜಾಗವಿತ್ತು. ಸರಣಿಯಲ್ಲಿ ಮುಂದೆ ಹೋದಂತೆ ಅಯಾನುಗಳು ಕುಗ್ಗುತ್ತವೆ. ಹೀಗಾಗಿ ನೀರಿನಲ್ಲಿ ಮೊದಲಿನವು ಒಂಬತ್ತು ಅಣುಗಳನ್ನು ಹಿಡಿದರೆ ಕೊನೆಯವು ಎಂಟನ್ನಷ್ಟೇ ಹಿಡಿಯುತ್ತವೆ.

ದ್ರಾವಣದಲ್ಲಿ ಹರಳಿಲ್ಲ, ಅಲ್ಲಿ ಎಣಿಸುವುದು ಹೇಗೆ? 1979ರಲ್ಲಿ ಹಾರಕ್ಸ್ ಮತ್ತು ಸುಡ್ನಿಕ್ ಬೆಳಕಿನ ಮೊರೆಹೋದರು. ಯುರೋಪಿಯಂ ಸೂಸುವ ಬೆಳಕು ಸಾಮಾನ್ಯ ನೀರಿನಲ್ಲಿ ಬೇಗ, ಭಾರಜಲದಲ್ಲಿ ನಿಧಾನವಾಗಿ ಆರುತ್ತದೆ. ಈ ವ್ಯತ್ಯಾಸದಿಂದ ಲೋಹಕ್ಕೆ ಅಂಟಿದ ನೀರಿನ ಅಣುಗಳೆಷ್ಟೆಂಬುದು ಸಿಗುತ್ತದೆ.

ಇದು ಬರಿಯ ಲೆಕ್ಕದಾಟವಲ್ಲ. ಗ್ಯಾಡೋಲಿನಿಯಂ ಎಂ.ಆರ್.ಐ. ಚಿತ್ರವನ್ನು ಸ್ಪಷ್ಟಗೊಳಿಸುತ್ತದೆ, ಆದರೆ ಬಿಡಿಯಾಗಿ ಅದು ವಿಷ. 1988ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಔಷಧದಲ್ಲಿ ಡಿಟಿಪಿಎ ಎಂಬ ಅಣು ಎಂಟು ಕಡೆಯಿಂದ ಅದನ್ನು ಕಟ್ಟಿಹಾಕಿತ್ತು. ಒಂಬತ್ತನೆಯ ಜಾಗ ನೀರಿಗೆ ಮೀಸಲು. ಅಲ್ಲಿ ನೀರು ಬಂದುಹೋಗುತ್ತಿದ್ದರೇ ಚಿತ್ರ ಬೆಳಗುವುದು. ಆ ಜಾಗವೂ ತುಂಬಿದರೆ ಚಿತ್ರ ಮಸುಕು; ಉಳಿದೆಂಟರ ಹಿಡಿತ ಸಡಿಲಿದರೆ ಅಪಾಯ ರೋಗಿಗೆ.