ಅಜ್ಜಿ ಕೇಳಿದ ಸಿನಿಮಾ ಎಲ್ಲಿ ಹೋಯ್ತು?

ಇವತ್ತಿನ ಕಥೆ ಶುರುವಾದದ್ದು ಕಾರ್ಕಳದಲ್ಲಿ, ನನ್ನ ಅಜ್ಜಿ ಮನೆಯ ಜಗಲಿಯಲ್ಲಿ. ಹೋದ ಮಳೆಗಾಲದ ಒಂದು ಸಂಜೆ. ಕರೆಂಟ್ ಇಲ್ಲ, ಟಿವಿ ಬಂದ್. ಅಜ್ಜಿ ನನ್ನ ಫೋನ್ ನೋಡಿ ತುಳುವಿನಲ್ಲಿ ಕೇಳಿದ್ರು. ಕನ್ನಡದಲ್ಲಿ ಹೇಳ್ತೇನೆ: "ಇದರಲ್ಲಿ ಎಲ್ಲಾ ಸಿನಿಮಾ ಬರ್ತದಲ್ಲ ಮಗಾ? 'ಎನ್ನ ತಂಗಡಿ' ಹಾಕು. ಮದುವೆಯಾದ ವರ್ಷ ನೋಡಿದ್ದು. ಇನ್ನೊಂದು ಸಲ ನೋಡ್ಬೇಕು."

'ಎನ್ನ ತಂಗಡಿ' ಅಂದ್ರೆ ತುಳುವಿನ ಮೊದಲ ಸಿನಿಮಾ. ಎಸ್. ಆರ್. ರಾಜನ್ ನಿರ್ದೇಶನ, 1971ರ ಫೆಬ್ರವರಿಯಲ್ಲಿ ಬಿಡುಗಡೆ. ಎರಡು ನಿಮಿಷದ ಕೆಲಸ ಅಂದುಕೊಂಡೆ. ಯೂಟ್ಯೂಬ್, ಟೆಲಿಗ್ರಾಂ, ಹಳೇ ಸಿಡಿ ಅಂಗಡಿ, ಉಡುಪಿಯ ಪರಿಚಯದ ಸಿನಿಮಾ ಹುಚ್ಚರು... ತಿಂಗಳುಗಟ್ಟಲೆ ಹುಡುಕಿದೆ. ಪೂರ್ತಿ ಸಿನಿಮಾ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಆದರೆ ಹುಡುಕುತ್ತಾ ಹೋದ ಹಾಗೆ ಪ್ರಶ್ನೆ ದೊಡ್ಡದಾಯ್ತು: ಒಂದು ಸಿನಿಮಾ ಕಾಣೆಯಾಗುವುದು ಹೇಗೆ?

ಮೊದಲು ಕನ್ನಡದ ಮೊದಲ ಟಾಕಿಗೆ ಹೋಗೋಣ. 'ಸತಿ ಸುಲೋಚನ', 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆ. ವೈ. ವಿ. ರಾವ್ ನಿರ್ದೇಶನ, ಚಿತ್ರೀಕರಣ ಕೊಲ್ಹಾಪುರದ ಸ್ಟುಡಿಯೋದಲ್ಲಿ. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾವ್ ರಾವಣ. ಇಷ್ಟೆಲ್ಲಾ ನಮಗೆ ಗೊತ್ತು. ಆದರೆ ಸಿನಿಮಾ ಮಾತ್ರ ಇಲ್ಲ. ಒಂದು ಪ್ರಿಂಟೂ ಉಳಿದಿಲ್ಲ. ಕನ್ನಡ ಪರದೆಯ ಮೇಲೆ ಕೇಳಿದ ಮೊದಲ ಮಾತು ಹೇಗಿತ್ತು ಅಂತ ಕೇಳುವ ಅವಕಾಶ ನಮಗಿಲ್ಲ.

ಈಗ ನಮ್ಮ ಊರಿನ ಕಡೆ ಬನ್ನಿ. ಉಡುಪಿಯಿಂದ ಕುಂದಾಪುರದ ಹೈವೇ ಹಿಡಿದರೆ ಕೋಟ ಸಿಗ್ತದೆ. ಶಿವರಾಮ ಕಾರಂತರು ಹುಟ್ಟಿದ ಊರು. ಕಾರಂತರು ಕಾದಂಬರಿ ಬರೆದದ್ದು, ಯಕ್ಷಗಾನಕ್ಕೆ ದುಡಿದದ್ದು ನಮಗೆಲ್ಲ ಗೊತ್ತುಂಟು. ಆದರೆ 1930ರ ಆಸುಪಾಸಿನಲ್ಲಿ ಅವರು ಮೂಕಿ ಸಿನಿಮಾ ಕೂಡ ಮಾಡಿದ್ದರು. 'ಡೊಮಿಂಗೊ' ಒಂದು, 'ಭೂತರಾಜ್ಯ' ಇನ್ನೊಂದು. ಎರಡೂ ಇವತ್ತು ನೋಡಲು ಸಿಗುವುದಿಲ್ಲ.

ಒಂದು ವಿಷಯ ಗಮನಿಸಿ. ಅದೇ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ಹೆಚ್ಚುಕಡಿಮೆ ಅದೇ ಕಾಲ, ಅದೇ ಮನುಷ್ಯ. ಆ ಪುಸ್ತಕವನ್ನು ಇವತ್ತೂ ಅಂಗಡಿಯಿಂದ ಕೊಂಡು ತರಬಹುದು. ಅದನ್ನು ಆಧರಿಸಿ ಬಿ. ವಿ. ಕಾರಂತರು ಮಾಡಿದ ಸಿನಿಮಾಕ್ಕೆ 1975ರ ಸ್ವರ್ಣಕಮಲ ಬಂತು. ಹಾಗಾದ್ರೆ ಪುಸ್ತಕ ಯಾಕೆ ಉಳಿಯಿತು, ರೀಲು ಯಾಕೆ ಹೋಯ್ತು?

ನಾನು ಬಿ.ಕಾಂ. ಓದಿದವ, ಅದಕ್ಕೆ ಲೆಕ್ಕದ ಭಾಷೆಯಲ್ಲೇ ಹೇಳ್ತೇನೆ. ಪುಸ್ತಕಕ್ಕೆ ಸಾವಿರ ಪ್ರತಿ ಇರ್ತದೆ, ಸಾವಿರ ಮನೆಗೆ ಹೋಗ್ತದೆ. ಸಿನಿಮಾಕ್ಕೆ ಒಂದು ನೆಗೆಟಿವ್, ಕೆಲವೇ ಪ್ರಿಂಟ್. ಪ್ರಿಂಟ್ ಟಾಕೀಸಿನಿಂದ ಟಾಕೀಸಿಗೆ ಓಡಾಡಿ ಗೀರು ಬಿದ್ದು ಸವೆಯುತ್ತದೆ. ಓಟ ಮುಗಿದ ಮೇಲೆ ಮಾಲೀಕರ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ, ಇಟ್ಟುಕೊಳ್ಳಲು ಗೋಡೌನ್ ಬಾಡಿಗೆ ಮಾತ್ರ ಖರ್ಚು. ಕಪ್ಪುಬಿಳುಪು ಫಿಲ್ಮಿನಲ್ಲಿ ಬೆಳ್ಳಿಯ ಅಂಶ ಇರ್ತದೆ. ಹಾಗಾಗಿ ಎಷ್ಟೋ ರೀಲುಗಳನ್ನು ಗುಜರಿಗೆ ಹಾಕಿ ಬೆಳ್ಳಿ ತೆಗೆದರು. ಅದರ ಮೇಲೆ, 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮ್ ಸುಲಭವಾಗಿ ಬೆಂಕಿ ಹಿಡಿಯುವಂಥದ್ದು. ಆಮೇಲೆ ಬಂದ ಅಸಿಟೇಟ್ ಫಿಲ್ಮ್ ಸೆಕೆ, ತೇವಕ್ಕೆ ಹುಳಿಹಿಡಿದು ವಿನೆಗರ್ ವಾಸನೆ ಬಂದು ಮುದುಡುತ್ತದೆ. ನಮ್ಮ ಕರಾವಳಿಯ ಹವೆ ಹೇಗೆ ಅಂತ ನಿಮಗೆ ಬೇರೆ ಹೇಳ್ಬೇಕಾ?

ಕಾಯುವವರೂ ಇರಲಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. ಅಂದರೆ 'ಸತಿ ಸುಲೋಚನ' ಬಂದು ಸರಿಯಾಗಿ 30 ವರ್ಷ ಆದ ಮೇಲೆ. ಅಲ್ಲಿ ಪಿ. ಕೆ. ನಾಯರ್ ಅನ್ನುವವರು ಊರೂರು ಸುತ್ತಿ, ಗೋಡೌನು, ನಿರ್ಮಾಪಕರ ಮನೆ ಹುಡುಕಿ ಸಾವಿರಾರು ಸಿನಿಮಾ ಕೂಡಿಟ್ಟರು. ಅಷ್ಟರಲ್ಲೇ ತುಂಬ ತಡವಾಗಿತ್ತು. ಭಾರತದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕಿದ ಮೂಕಿ ಚಿತ್ರಗಳಲ್ಲಿ ಪೂರ್ತಿಯಾಗಿ ಉಳಿದವು ಬೆರಳೆಣಿಕೆಯಷ್ಟು.

ಹಾಗಂತ ಎಲ್ಲವೂ ಬೇಸರದ ಕಥೆಯಲ್ಲ. ಕಾಪುವಿನಿಂದ ಮಂಗಳೂರು ಕಡೆ ಹೋದರೆ ಮೂಲ್ಕಿ ಸಿಗ್ತದೆ. ಆ ಊರಿನ ಸದಾನಂದ ಸುವರ್ಣರು 1977ರಲ್ಲಿ ಒಂದು ಸಿನಿಮಾಕ್ಕೆ ದುಡ್ಡು ಹಾಕಿದರು. ನಿರ್ದೇಶಕ ಹೊಸಬ, ಗಿರೀಶ್ ಕಾಸರವಳ್ಳಿ. ಕಥೆ ಅನಂತಮೂರ್ತಿಯವರದ್ದು. 'ಘಟಶ್ರಾದ್ಧ'. ಅದಕ್ಕೂ ಸ್ವರ್ಣಕಮಲ ಬಂತು. ಅದರ ಮೂಲ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿ ಉಳಿದಿತ್ತು. ಅದರಿಂದಲೇ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕೋರ್ಸೆಸಿ ಕಟ್ಟಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಚಿತ್ರವನ್ನು ಮತ್ತೆ ಹೊಸದಾಗಿಸಿದರು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದು ಪ್ರದರ್ಶನ ಕಂಡಿತು. ಸುವರ್ಣರು ಅದೇ ವರ್ಷ ಜುಲೈಯಲ್ಲಿ ತೀರಿಕೊಂಡಿದ್ದರು. ಸಿನಿಮಾ ಉಳಿಯಿತು, ಅದನ್ನು ಮಾಡಿಸಿದವರಿಗೆ ಆ ದಿನ ನೋಡಲು ಆಗಲಿಲ್ಲ.

ನನಗೆ ಅರ್ಥ ಆದದ್ದು ಇಷ್ಟೇ. ಸಿನಿಮಾ ಉಳಿಯುವುದು ಹೆಸರಿನಿಂದ ಅಲ್ಲ, ಪ್ರಶಸ್ತಿಯಿಂದಲೂ ಅಲ್ಲ. ಯಾರೋ ಒಬ್ಬರು ಡಬ್ಬಿಯನ್ನು ಬಿಸಾಡದೆ, ತಣ್ಣಗಿನ ಜಾಗದಲ್ಲಿ ಇಟ್ಟರು ಅನ್ನುವ ಕಾರಣಕ್ಕೆ.

ಆ ಯಾರೋ ಒಬ್ಬರು ನಿಮ್ಮ ಮನೆಯವರೂ ಆಗಿರಬಹುದು. ಅಜ್ಜನ ಕಾಲದಲ್ಲಿ ಟಾಕೀಸಿನಲ್ಲಿ ಕೆಲಸಕ್ಕಿದ್ದವರು, ನಾಟಕ, ಸಿನಿಮಾದ ಒಡನಾಟ ಇದ್ದವರು ನಿಮ್ಮಲ್ಲಿ ಇದ್ರೆ ಅಟ್ಟದ ಮೇಲೆ ಒಮ್ಮೆ ನೋಡಿ. ತಗಡಿನ ಡಬ್ಬಿ ಸಿಕ್ಕಿದರೆ ರೀಲು ಎಳೆದು ನೋಡ್ಬೇಡಿ, ಬೆಂಕಿ, ಬಿಸಿಲಿನಿಂದ ದೂರ ಇಡಿ, ಪುಣೆಯ ಸಂಗ್ರಹಾಲಯಕ್ಕೆ ತಿಳಿಸಿ. ವಿಎಚ್‌ಎಸ್ ಕ್ಯಾಸೆಟ್ ಇದ್ದರೆ ಬೂಸ್ಟು ಹಿಡಿಯುವ ಮೊದಲು ಡಿಜಿಟಲ್ ಮಾಡಿಸಿ. ಟಾಕೀಸಿನ ಹೊರಗೆ ಮಾರುತ್ತಿದ್ದ ಹಾಡಿನ ಪುಸ್ತಕ, ನೋಟೀಸು ಸಿಕ್ಕಿದರೂ ಫೋಟೋ ತೆಗೆದಿಡಿ. ಕಳೆದುಹೋದ ಎಷ್ಟೋ ಚಿತ್ರಗಳ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಅಂಥ ಕಾಗದಗಳಿಂದಲೇ.

ಅಜ್ಜಿಗೆ ಏನು ಹೇಳಿದೆ ಅಂತ ಕೇಳ್ತೀರಾ? "ಸಿಕ್ಕಿಲ್ಲ ಅಜ್ಜಿ, ನೀವೇ ಕಥೆ ಹೇಳಿ" ಅಂದೆ. ಹೇಳಿದ್ರು, ನಲವತ್ತು ನಿಮಿಷ. ಯಾರ ಜೊತೆ ಹೋದದ್ದು, ಯಾವ ಸೀರೆ, ಪರದೆಯಲ್ಲಿ ತುಳು ಮಾತು ಕೇಳಿದಾಗ ಜನ ಹೇಗೆ ಚಪ್ಪಾಳೆ ಹೊಡೆದದ್ದು. ಎಲ್ಲಾ ರೆಕಾರ್ಡ್ ಮಾಡಿಕೊಂಡಿದ್ದೇನೆ. ಒಂದು ಪ್ರತಿ ಮಣಿಪಾಲದ ನನ್ನ ರೂಮಿನ ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಕಾಪುವಿನ ಮನೆಯಲ್ಲಿ ಹಾರ್ಡ್‌ಡಿಸ್ಕಿನಲ್ಲಿ. ಹುಡುಕುವುದನ್ನು ನಿಲ್ಲಿಸಿಲ್ಲ. ನಿಮ್ಮ ಅಟ್ಟದಲ್ಲಿ ಏನಾದ್ರೂ ಸಿಕ್ಕಿದರೆ ನನಗೂ ಹೇಳಿ, ಅಜ್ಜಿ ಕಾಯ್ತಾ ಇದ್ದಾರೆ.

ಮುಂದಿನ ಎಪಿಸೋಡಿನಲ್ಲಿ ಸಿಗುವ.